‘ಬರೀ ಎಂಬಿಬಿಎಸ್ಸಾ? ಪಿಜಿ ಮಾಡಿಲ್ವಾ?’

ಕ್ಲಿನಿಕ್ಕಿನ ಬೋರ್ಡಿನ ಮೇಲೆ ಎಂಬಿಬಿಎಸ್ ಅಂತಷ್ಟೇ ಇದ್ದರೆ ಈ ಪ್ರಶ್ನೆ ಎದ್ದೇ ಏಳುತ್ತದೆ. ಹೃದಯಕ್ಕೋ ಮೂಳೆಗೋ ತಜ್ಞರಾಗಲು ವರ್ಷಗಟ್ಟಲೆ ಓದಬೇಕು, ಜ್ವರ-ನೆಗಡಿ ನೋಡುವ ಮನೆ ಡಾಕ್ಟರಿಗೆ ಅಷ್ಟೆಲ್ಲ ಯಾಕೆ ಎಂಬ ನಂಬಿಕೆ ಅದರ ಬೆನ್ನಿಗಿದೆ.

ನಿಜ ಹೇಳಬೇಕೆಂದರೆ, ಮನೆ ಡಾಕ್ಟರಿಕೆಗೂ ಪಿಜಿ ಇದೆ. ಅದರ ಹೆಸರು ಫ್ಯಾಮಿಲಿ ಮೆಡಿಸಿನ್. ನಮ್ಮಲ್ಲಿ ನೀಟ್ ಪಿಜಿ ಬರೆದು ಮೂರು ವರ್ಷದ ಎಂಡಿ ಅಥವಾ ಡಿಎನ್‌ಬಿ ಮಾಡಬಹುದು. ಅಮೆರಿಕ 1969ರಲ್ಲೇ ಇದನ್ನು ಪ್ರತ್ಯೇಕ ತಜ್ಞ ವಿಭಾಗವಾಗಿ ಒಪ್ಪಿಕೊಂಡಿತು. ಬ್ರಿಟನ್ನಿನಲ್ಲಂತೂ ಎಂಬಿಬಿಎಸ್ ಆದ ಮೇಲೆ ಎರಡು ವರ್ಷ ಫೌಂಡೇಶನ್, ಆಮೇಲೆ ಸಾಮಾನ್ಯವಾಗಿ ಮೂರು ವರ್ಷ ಜಿಪಿ, ಅಂದರೆ ಮನೆ ಡಾಕ್ಟರ, ತರಬೇತಿ. ಭಾರತದಲ್ಲಾದರೆ ಇಂಟರ್ನ್‌ಶಿಪ್ ಮುಗಿಸಿ ನೋಂದಣಿ ಮಾಡಿಸಿಕೊಂಡರೆ ಕ್ಲಿನಿಕ್ ತೆರೆಯಲು ಅಡ್ಡಿಯಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಪಳಗಿದವರಿಗೆ ಸಣ್ಣಪುಟ್ಟ ಕಾಯಿಲೆ ಯಾವ ಲೆಕ್ಕ ಎನ್ನುವವರೂ ಇದ್ದಾರೆ. ಆದರೆ 1961ರಲ್ಲಿ ಅಮೆರಿಕದ ವೈದ್ಯ ಕೆರ್ ವೈಟ್ ಮತ್ತು ಸಂಗಡಿಗರು ಒಂದು ಲೆಕ್ಕ ಕೊಟ್ಟರು. ಒಂದು ತಿಂಗಳಲ್ಲಿ 1000 ವಯಸ್ಕರ ಪೈಕಿ 750 ಮಂದಿಗೆ ಏನಾದರೊಂದು ತೊಂದರೆ ಕಾಣಿಸುತ್ತದೆ, 250 ಮಂದಿ ವೈದ್ಯರನ್ನು ಕಾಣುತ್ತಾರೆ, 9 ಮಂದಿ ಆಸ್ಪತ್ರೆ ಸೇರುತ್ತಾರೆ. ಮೆಡಿಕಲ್ ಕಾಲೇಜಿನ ಆಸ್ಪತ್ರೆವರೆಗೆ ಹೋಗುವವರು ಒಬ್ಬರು. ವಿದ್ಯಾರ್ಥಿಗಳು ವೈದ್ಯಕೀಯ ಕಲಿಯುವುದು ಹೆಚ್ಚಾಗಿ ಆ ಒಬ್ಬರ ಹಾಸಿಗೆಯ ಪಕ್ಕದಲ್ಲಿ!

ವಾರ್ಡಿಗೆ ಬರುವ ಹೊತ್ತಿಗೆ ಕಾಯಿಲೆಗೆ ಸಾಮಾನ್ಯವಾಗಿ ಒಂದು ಹೆಸರು ಬಿದ್ದಿರುತ್ತದೆ. ಕ್ಲಿನಿಕ್ಕಿಗೆ ಬರುವುದು ‘ಯಾಕೋ ಸುಸ್ತು ಡಾಕ್ಟ್ರೇ’ ಎಂಬ ಮಾತು. ಅದು ರಕ್ತಹೀನತೆಯೋ, ಥೈರಾಯ್ಡೋ, ಸಕ್ಕರೆ ಕಾಯಿಲೆಯೋ, ಮಗಳ ಮದುವೆಯ ಸಾಲದಿಂದ ಕೆಟ್ಟ ನಿದ್ದೆಯೋ? ಈ ಸಿಕ್ಕು ಬಿಡಿಸುವುದು ಬೇರೆಯದೇ ವಿದ್ಯೆ.

ಎರಡು ದಿನದಿಂದ ಜ್ವರ ಇರುವ ಮಗುವನ್ನೇ ನೋಡಿ. ತರಬೇತಿಯಲ್ಲಿರುವ ವೈದ್ಯೆ ಉಸಿರಾಟ ಎಣಿಸುತ್ತಾಳೆ, ನಾಲಿಗೆಯ ಪಸೆ ನೋಡುತ್ತಾಳೆ, ಅಂಗಿ ಎತ್ತಿ ಮೈಮೇಲೆ ಕಲೆ ಇದೆಯೇ ಅಂತ ಹುಡುಕುತ್ತಾಳೆ. ಗಾಬರಿಯಾಗುವಂಥದ್ದೇನೂ ಇಲ್ಲ. ಆದರೂ ಕೆಲಸ ಮುಗಿದಿಲ್ಲ. ‘ಹಾಲು ಕುಡಿಯದಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಮೂತ್ರ ಕಡಿಮೆಯಾದರೆ ರಾತ್ರಿಯಾದರೂ ಸರಿ, ಕರೆದುಕೊಂಡು ಬನ್ನಿ’ ಎಂದು ತಾಯಿಗೆ ಬಿಡಿಸಿ ಹೇಳುತ್ತಾಳೆ. ಬ್ರಿಟಿಷ್ ಜಿಪಿ ರೋಜರ್ ನೇಬರ್ 1987ರ ತಮ್ಮ ಪುಸ್ತಕದಲ್ಲಿ ಇದನ್ನು ಸೇಫ್ಟಿ ನೆಟ್ಟಿಂಗ್ ಎಂದು ಕರೆದರು. ಪಕ್ಕದಲ್ಲಿ ಕೂತ ಹಿರಿಯ ವೈದ್ಯರು ಆ ಮಾತು ತಾಯಿಗೆ ತಲುಪಿತೇ ಅಂತ ಗಮನಿಸುತ್ತಾರೆ. ಬ್ರಿಟನ್ನಿನ ಜಿಪಿ ಪರೀಕ್ಷೆಯ ಒಂದು ಭಾಗವೇ ಹೀಗಿದೆ: ರೋಗಿಗಳ ಪಾತ್ರಧಾರಿಗಳೊಂದಿಗೆ 12 ಭೇಟಿ, ಒಂದೊಂದಕ್ಕೆ 12 ನಿಮಿಷ. ಅಲ್ಲಿ ಕೇಳಿಸಿಕೊಳ್ಳುವ ರೀತಿಗೂ ಅಂಕವಿದೆ.

ಬರೀ ಎಂಬಿಬಿಎಸ್‌ನಲ್ಲೇ ಮೂವತ್ತು-ನಲವತ್ತು ವರ್ಷ ಊರನ್ನು ಕಾಪಾಡಿದ ಹಿರಿಯ ವೈದ್ಯರೂ ಇದನ್ನೆಲ್ಲ ಕಲಿತವರೇ. ಅವರ ಕೈಗುಣಕ್ಕೆ ಕೈ ಮುಗಿಯಬೇಕು. ಆದರೆ ಅವರು ಕಲಿತದ್ದು ಒಂಟಿಯಾಗಿ, ತಿದ್ದುವವರಿಲ್ಲದೆ.

ಬೇರೆ ಸೀಟು ಸಿಗದವರು ಫ್ಯಾಮಿಲಿ ಮೆಡಿಸಿನ್‌ಗೆ ಬರುತ್ತಾರೆಂಬ ಮಾತು ಈ ಕೆಲಸಕ್ಕೆ ಮಾಡುವ ಅವಮಾನ. ಫ್ಯಾಮಿಲಿ ಮೆಡಿಸಿನ್ ತಜ್ಞರ ತೀವ್ರ ಕೊರತೆಯಿದೆ ಎಂದು 2002ರ ರಾಷ್ಟ್ರೀಯ ಆರೋಗ್ಯ ನೀತಿಯೇ ಹೇಳಿತ್ತು.

ಇನ್ನು, ಮನೆ ಡಾಕ್ಟರೆಂದರೆ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಡುವವರು ಎಂಬ ತಾತ್ಸಾರ. ಆದರೆ ನಾರ್ವೆಯ ಸಂಶೋಧಕರು ಸುಮಾರು 45 ಲಕ್ಷ ಜನರ ದಾಖಲೆ ಪರಿಶೀಲಿಸಿದರು. ಒಬ್ಬರೇ ಜಿಪಿಯ ಬಳಿ 15 ವರ್ಷಕ್ಕಿಂತ ಹೆಚ್ಚು ಕಾಲದಿಂದ ಇದ್ದವರನ್ನು ಒಂದೇ ವರ್ಷದ ಪರಿಚಯದವರ ಜೊತೆ ಹೋಲಿಸಿದಾಗ, ತುರ್ತಾಗಿ ಆಸ್ಪತ್ರೆ ಸೇರುವ ಸಂಭವವೂ ಸಾವಿನ ಸಂಭವವೂ ಹೆಚ್ಚುಕಮ್ಮಿ ಕಾಲುಭಾಗ ಕಡಿಮೆ ಇತ್ತು.