ಕರಪತ್ರ ಮೊಬೈಲಿಗೆ ಹೋದರೆ ಮೂರನೇ ದುರ್ಯೋಧನನ ಗತಿ?

ಕುಣಿಗಲ್ ಸೀಮೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ಆಡಲು ಒಬ್ಬ ಕೃಷ್ಣ ಸಾಲುವುದಿಲ್ಲ. ರಾತ್ರಿ ಶುರುವಾಗಿ ಬೆಳಗಿನ ಜಾವದವರೆಗೆ ಎಳೆಯುವ ನಾಟಕದಲ್ಲಿ ಇಬ್ಬರು ಮೂವರು ಕೃಷ್ಣರು, ಅಷ್ಟೇ ಮಂದಿ ದುರ್ಯೋಧನರು. ಇವರೆಲ್ಲ ಕೈಯಿಂದ ದುಡ್ಡು ಕಟ್ಟಿ ಪಾತ್ರ ಹಿಡಿದವರು. ಹಗಲು ಹೊಲ, ಅಂಗಡಿ, ಕಚೇರಿ ನೋಡಿಕೊಂಡು, ಸಂಜೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ತಿಂಗಳುಗಟ್ಟಲೆ ಕಂದ, ವೃತ್ತ ಗಟ್ಟಿ ಮಾಡಿದವರು. ಅವರ ಹೆಸರು ಅಚ್ಚಾಗುವುದು ಒಂದೇ ಕಡೆ: ನಾಟಕದ ಕರಪತ್ರದಲ್ಲಿ.

ಈ ಕರಪತ್ರಕ್ಕೆ ಒಂದು ಕಟ್ಟು ಇದೆ. ನೆತ್ತಿಯ ಮೇಲೆ ಊರ ದೇವರ ‘ಪ್ರಸನ್ನ’, ಕೆಳಗೆ ದಪ್ಪಕ್ಷರದಲ್ಲಿ ನಾಟಕದ ಹೆಸರು, ಆಮೇಲೆ ದಿನಾಂಕ, ಸ್ಥಳ. ಪಾತ್ರವರ್ಗದಲ್ಲಿ ‘ಒಂದನೇ ಕೃಷ್ಣ, ಎರಡನೇ ಕೃಷ್ಣ’ ಎಂದು ಲೆಕ್ಕ. ಹೊರಗಿನಿಂದ ಕರೆಸಿದ ಸ್ತ್ರೀ ಪಾತ್ರಧಾರಿಗಳಿಗೆ ಬೇರೆ ಸಾಲು. ಕೊನೆಗೆ ಸಂಗೀತ ನಿರ್ದೇಶಕರು, ಸೀನರಿ, ಧ್ವನಿವರ್ಧಕ, ‘ಸರ್ವರಿಗೂ ಆದರದ ಸ್ವಾಗತ’.

ಈಗ ಇದು ವಾಟ್ಸ್ಆ್ಯಪ್‌ಗೆ ಹಾರಿದೆ. ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಪ್ರದರ್ಶನವಿದ್ದರೂ ಸುದ್ದಿ ಮೊದಲು ಬರುವುದು ಮೊಬೈಲಿಗೇ. ಇದರಲ್ಲಿ ಅನುಕೂಲ ಇಲ್ಲದಿಲ್ಲ. ಅಚ್ಚಿನ ಖರ್ಚು ಉಳಿಯುತ್ತದೆ. ಭೀಮನಿಗೆ ಹಿಂದಿನ ದಿನ ಗಂಟಲು ಕೆಟ್ಟರೆ ಹೆಸರು ಬದಲಿಸಬಹುದು. ಬೆಂಗಳೂರು ಸೇರಿದ ಊರವರಿಗೂ ಕ್ಷಣದಲ್ಲಿ ತಲುಪುತ್ತದೆ. ಕೊರೊನಾ ನಂತರ ಹೊರದೇಶಗಳ ಹಲವು ರಂಗಮಂದಿರಗಳೂ ಕಾಗದ ಬಿಟ್ಟು ಕ್ಯೂಆರ್ ಕೋಡ್ ಹಿಡಿದವು. ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರಗಳಲ್ಲಿ ಮಾತ್ರ ಪಾತ್ರವರ್ಗದ ವಿವರವಿರುವ ‘ಪ್ಲೇಬಿಲ್’ ಪುಸ್ತಿಕೆ ಇಂದಿಗೂ ಪ್ರೇಕ್ಷಕರ ಕೈಗೆ ಬರುತ್ತದೆ. ಅದು ಹುಟ್ಟಿದ್ದು 1884ರಲ್ಲಿ. ಗುಬ್ಬಿಯಲ್ಲಿ, ಮುಂದೆ ಗುಬ್ಬಿ ಕಂಪನಿ ಎಂದೇ ಹೆಸರಾದ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿದ್ದೂ ಅದೇ ವರ್ಷ.

ಗುಬ್ಬಿ ಕಂಪನಿ 1934ರ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತು. ಅಂಥ ಸುದ್ದಿಯನ್ನು ಊರಿಗೆ ಮುಟ್ಟಿಸುವ ಕೆಲಸಕ್ಕೆ ಇಂದು ಮೊಬೈಲನ್ನು ಮೀರಿದ್ದಿಲ್ಲ, ಒಪ್ಪೋಣ. ಆದರೆ ಕರಪತ್ರಕ್ಕೆ ಇನ್ನೊಂದು ಕೆಲಸವಿತ್ತು: ಯಾರು ಏನು ಮಾಡಿದರು ಎಂಬುದನ್ನು ಉಳಿಸುವುದು. ಇದೇ ಕಂಪನಿಯಲ್ಲಿ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಜೊತೆಗಿದ್ದು ಸಣ್ಣಪುಟ್ಟ ಪಾತ್ರ ಮಾಡುತ್ತಿದ್ದ ಹುಡುಗ ಮುತ್ತುರಾಜ, 1954ರ ‘ಬೇಡರ ಕಣ್ಣಪ್ಪ’ದಿಂದ ರಾಜ್‌ಕುಮಾರ್ ಆದರು. ಸಣ್ಣ ಪಾತ್ರದವನು ನಾಳೆ ಯಾರಾಗುತ್ತಾನೆಂದು ಆ ರಾತ್ರಿ ಯಾರಿಗೂ ಗೊತ್ತಿರುವುದಿಲ್ಲ. ದೊಡ್ಡವರ ಹೆಸರನ್ನು ಪತ್ರಿಕೆ, ಪುಸ್ತಕಗಳು ಉಳಿಸುತ್ತವೆ. ಕಂಪನಿ ನಡೆಸಿದ ಗುಬ್ಬಿ ವೀರಣ್ಣನವರು ಸ್ವತಃ ‘ಕಲೆಯೇ ಕಾಯಕ’ ಎಂಬ ಆತ್ಮಕಥೆ ಬಿಟ್ಟುಹೋದರು. ಹಳ್ಳಿಯ ಶಕುನಿಗೆ, ಸೈಂಧವನಿಗೆ ಅಂಥ ಪುಸ್ತಕ ಎಲ್ಲಿಂದ ಬರಬೇಕು?

ಮೊಬೈಲಿನಲ್ಲಿ ಬಂದ ಪೋಸ್ಟರ್ ಮರುದಿನದ ಗುಡ್ ಮಾರ್ನಿಂಗ್ ಸಂದೇಶಗಳಡಿ ಹೂತುಹೋಗುತ್ತದೆ. ಫೋನ್ ಬದಲಾದರೆ ಅದೂ ಇಲ್ಲ. ಕಾಗದವೂ ಹರಿಯುತ್ತದೆ, ಗೆದ್ದಲು ಹಿಡಿಯುತ್ತದೆ, ನಿಜ. ಆದರೂ ಟ್ರಂಕಿನ ತಳದಲ್ಲಿ ಮಡಿಸಿಟ್ಟ ಹಾಳೆಯನ್ನು ಓದಲು ಚಾರ್ಜೂ ಬೇಡ, ಪಾಸ್‌ವರ್ಡೂ ಬೇಡ.

ಹಾಗಾಗಿ ಎರಡೂ ಕೆಲಸವನ್ನು ಒಂದೇ ಕಡೆ ಹೊರಿಸುವುದು ಬೇಡ. ಪ್ರಚಾರ ಪೂರ್ತಿ ಮೊಬೈಲಿಗೆ ಹೋಗಲಿ. ಬೀದಿಯಲ್ಲಿ ತೂರಲು ಸಾವಿರಗಟ್ಟಲೆ ಅಚ್ಚು ಹಾಕಿಸಬೇಕಿಲ್ಲ. ನೂರು ಪ್ರತಿ ಮಾತ್ರ ಒಳ್ಳೆಯ ಕಾಗದದಲ್ಲಿ, ಇಸವಿ ಮರೆಯದೆ, ಕೊನೆಯ ದೂತನ ಹೆಸರೂ ಬಿಡದೆ ಅಚ್ಚಾಗಲಿ. ಪಾತ್ರಧಾರಿಗಳಿಗೆ ಒಂದೊಂದು, ಊರ ಶಾಲೆಗೆ ಒಂದು, ತಾಲ್ಲೂಕು ಗ್ರಂಥಾಲಯಕ್ಕೆ ಎರಡು ಕೊಟ್ಟು, ಉಳಿದದ್ದು ಪ್ರೇಕ್ಷಕರಿಗೆ. ದುಡ್ಡಿನ ಮಾತು ಬಂದರೆ, ಮುಖಂಡರ ಮುಖವಿರುವ ಒಂದು ಫ್ಲೆಕ್ಸ್ ಕಡಿಮೆ ಮಾಡಿದರಾಯಿತು.