ಕಾರಿನ ತಲೆಯೇರುವ ಹಾಯಿದೋಣಿ

ಮಕ್ಕಳೇ, ನಿಮ್ಮಷ್ಟೇ ವಯಸ್ಸಿನವರು ಒಬ್ಬೊಬ್ಬರೇ ಕೂತು ನಡೆಸುವ ಹಾಯಿದೋಣಿಯೊಂದಿದೆ. ಹೆಸರು ಆಪ್ಟಿಮಿಸ್ಟ್. 1947ರಲ್ಲಿ ಅಮೆರಿಕದ ಫ್ಲೋರಿಡಾದ ಕ್ಲಿಯರ್‌ವಾಟರ್ ಊರಿನಲ್ಲಿ ಕ್ಲಾರ್ಕ್ ಮಿಲ್ಸ್ ಎಂಬವರು ಮಕ್ಕಳಿಗೆಂದೇ ಇದನ್ನು ರೂಪಿಸಿದರು. ದುಬಾರಿಯಾಗಬಾರದೆಂದು ಎರಡೇ ಪ್ಲೈವುಡ್ ಹಾಳೆಗಳಲ್ಲಿ ಮುಗಿಸಿದರಂತೆ. ಹಾಳೆಯ ಉದ್ದ 8 ಅಡಿ, ದೋಣಿಯದು 7 ಅಡಿ 9 ಅಂಗುಲ. ಲೆಕ್ಕ ನೋಡಿ, ಎಷ್ಟು ಚೊಕ್ಕ! ಈಗ ಫೈಬರ್‌ನಲ್ಲಿ ಮಾಡುತ್ತಾರೆ. ಒಡಲಿನ ತೂಕ 35 ಕಿಲೋ. ನಮ್ಮ ಬೆಂಗಳೂರಿನ ಹಲಸೂರು ಕೆರೆಯಲ್ಲೂ ಮಕ್ಕಳು ಇದರಲ್ಲೇ ಹಾಯಿ ಹಿಡಿಯಲು ಕಲಿಯುತ್ತಾರೆ.

ಇಷ್ಟು ಹಗುರವಾದ ದೋಣಿ ನೀರಿನಲ್ಲಿ ಸವೆಯುವುದಕ್ಕಿಂತ ಹೆಚ್ಚಾಗಿ ರಸ್ತೆಯಲ್ಲೂ ದಡದಲ್ಲೂ ಸವೆಯುತ್ತದೆ. ಕಾರಿನ ಮೇಲಾದರೆ ಅದನ್ನು ಬೋರಲಾಗಿ ಮಲಗಿಸಬೇಕು. ಅಡ್ಡಪಟ್ಟಿ ಎರಡು ಸಾಲದು, ಮುಂದಕ್ಕೊಂದು ಹಿಂದಕ್ಕೊಂದು ಹಗ್ಗವೂ ಬೇಕು. ಪಟ್ಟಿಯನ್ನು ಒಂದು ಸುತ್ತು ತಿರುಚಿ ಕಟ್ಟಿದರೆ ಗಾಳಿಗೆ ಗುಂಯ್‌ಗುಡುವುದಿಲ್ಲ. ಹಾಗೆಂದು ಅತಿಯಾಗಿ ಬಿಗಿದರೆ ಫೈಬರ್ ತಗ್ಗಾಗುತ್ತದೆ. ಹಾಯಿಕಂಬ, ಚುಕ್ಕಾಣಿ, ನೀರಿಗಿಳಿಸುವ ನಡುಹಲಗೆ ಇವನ್ನೆಲ್ಲ ಹಳೆಯ ಕಂಬಳಿಯಲ್ಲಿ ಸುತ್ತಿಡಿ. ಅಂಚು ಮುಕ್ಕಾದ ಹಲಗೆ ದೋಣಿಯನ್ನು ನಿಧಾನ ಮಾಡುತ್ತದೆ. ಸ್ವಲ್ಪ ದೂರ ಹೋದ ಮೇಲೆ ಗಾಡಿ ನಿಲ್ಲಿಸಿ ಗಂಟುಗಳನ್ನು ಮತ್ತೊಮ್ಮೆ ಎಳೆದು ನೋಡಬೇಕು. ಕಟ್ಟಿದ ನೋಟನ್ನೂ ಎರಡು ಸಲ ಎಣಿಸಿದ ಕೈ ನನ್ನದು, ಇದನ್ನು ಬಿಡಲಾರೆ.

ಟ್ರೇಲರ್ ಇದ್ದವರು ಅದನ್ನು ನೀರಿಗಿಳಿಸಬಾರದು. ಓಡಿ ಬಿಸಿಯಾದ ಗಾಲಿ ತಣ್ಣೀರಿಗೆ ಮುಳುಗಿದರೆ ಬೇರಿಂಗ್ ಒಳಕ್ಕೆ ನೀರು ಎಳೆದುಕೊಳ್ಳುತ್ತದೆ, ತುಕ್ಕು ಹಿಡಿಯುತ್ತದೆ. ಇಬ್ಬರು ದೊಡ್ಡವರು ಸೇರಿದರೆ ದೋಣಿಯನ್ನೇ ಎತ್ತಿ ಇಳಿಸಬಹುದು.

ಆಟ ಮುಗಿದ ಮೇಲೆ ಸಿಹಿನೀರಿನಲ್ಲಿ ತೊಳೆಯಬೇಕು. ಸಮುದ್ರದಿಂದ ಬಂದಿದ್ದರೆ ಮರೆಯಲೇಬಾರದು. ಹಾಯಿಯನ್ನು ಗಾಳಿಯಲ್ಲಿ ಪಟಪಟ ಬಡಿಯಲು ಬಿಟ್ಟು ಒಣಗಿಸಿದರೆ ಬಟ್ಟೆ ಬೇಗ ಸೋಲುತ್ತದೆ. ನೆರಳಲ್ಲಿ ಆರಿಸಿ, ಚಾಪೆಯಂತೆ ಸುರುಳಿ ಸುತ್ತಿಡಿ.

ತಾತಂದಿರೇ, ಅಜ್ಜಿಯರೇ, ನೀವು ಮೊಮ್ಮಗುವಿನ ಜೊತೆ ಕೂತು ನೋಡಬೇಕಾದದ್ದು ಗಾಳಿಚೀಲಗಳನ್ನು. ಹಿಂಭಾಗದಲ್ಲಿ ಒಂದು, ಎರಡು ಪಕ್ಕಕ್ಕೆ ಒಂದೊಂದು, ಒಟ್ಟು ಮೂರು. ದೋಣಿ ಮಗುಚಿ ನೀರು ತುಂಬಿದಾಗಲೂ ಅದನ್ನು ತೇಲಿಸಿ ಹಿಡಿಯುವುದು, ಮಗು ಮತ್ತೆ ಹತ್ತಿ ಕೂರಲು ಆಸರೆಯಾಗುವುದು ಇವೇ. ರಾತ್ರಿ ಊದಿ ಇಟ್ಟು ಬೆಳಗ್ಗೆ ಅದುಮಿ ನೋಡಿ. ಮೆತ್ತಗಾಗಿದ್ದರೆ ಎಲ್ಲೋ ಸೋರುತ್ತಿದೆ, ಅಂದು ದೋಣಿ ನೀರಿಗಿಳಿಯಕೂಡದು. ಮೊಮ್ಮಗು ಎಷ್ಟೇ ಮುಖ ಊದಿಸಿಕೊಳ್ಳಲಿ! ಚೀಲ ಬಿಗಿದ ಪಟ್ಟಿಗಳನ್ನೂ ಎಳೆದು ನೋಡಿ. ಸಡಿಲವಾದ ಪಟ್ಟಿಯಿಂದ ಚೀಲ ನುಸುಳಿ ಹೊರಬರುತ್ತದೆ. ನೀರು ಮೊಗೆಯುವ ಪ್ಲಾಸ್ಟಿಕ್ ಮಗ್ಗನ್ನೂ ದೋಣಿಗೆ ದಾರ ಹಾಕಿ ಕಟ್ಟಿರಬೇಕು. ಮಗುಚಿದಾಗ ಮೊದಲು ತೇಲಿಹೋಗುವುದು ಅದೇ.