ಸರಾಸರಿಯ ಆಚೆಗೆ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಚಿಂಚೋಳಿಗಳ ಕಪ್ಪು ನೆಲ ತೊಗರಿಗೆ ಪ್ರಸಿದ್ಧವಾದುದು. ಮುಂಗಾರಿನಲ್ಲಿ ಬಿತ್ತಿದ ಬೆಳೆ ಕೈಸೇರುವುದು ಡಿಸೆಂಬರ್-ಜನವರಿಯಲ್ಲಿ. ಅಂದಿನ ಧಾರಣೆಯನ್ನು ಬಿತ್ತುವ ದಿನ ಯಾರೂ ಅರಿಯರು. ಶಹಾಬಾದ್, ವಾಡಿಗಳ ನೆಲದಲ್ಲಿ ಸುಣ್ಣಕಲ್ಲು ಹೇರಳ. ಆದರೆ ಅದನ್ನು ಸುಟ್ಟು ಸಿಮೆಂಟ್ ಮಾಡಲು ಕಲ್ಲಿದ್ದಲು ಹೊರಗಿನಿಂದ ಬರಬೇಕು. ಅದರ ಬೆಲೆಯೂ ಏರಿಳಿಯುತ್ತದೆ. ರೈತನಿಗೂ ಕಾರ್ಖಾನೆಗೂ ಎದುರಾಗುವ ಈ ಅನಿಶ್ಚಯವನ್ನು ಅಳೆಯಬಹುದೆ?

ಒಂದು ಬೆಳೆಯ ಕ್ವಿಂಟಲ್ ಧಾರಣೆ ಮೂರು ವರ್ಷಗಳಲ್ಲಿ 6,000, 7,000, 8,000 ರೂಪಾಯಿ; ಇನ್ನೊಂದರದು 3,000, 7,000, 11,000 ರೂಪಾಯಿ ಎಂದಿಟ್ಟುಕೊಳ್ಳೋಣ. ಎರಡರ ಸರಾಸರಿಯೂ 7,000. ಕ್ವಿಂಟಲಿಗೆ 5,000 ರೂಪಾಯಿ ವೆಚ್ಚ ಮಾಡುವ ರೈತ ಮೊದಲನೆಯದರಲ್ಲಿ ಎಂದೂ ನಷ್ಟಪಡನು. ಎರಡನೆಯದರಲ್ಲಿ ಮೊದಲ ವರ್ಷವೇ ಸಾಲಕ್ಕೆ ಸಿಲುಕಿ, ಒಳ್ಳೆಯ ಧಾರಣೆ ಬರುವ ಮುನ್ನವೇ ಹೊಲ ಕಳೆದುಕೊಂಡಾನು. ಆದುದರಿಂದ ಬೆಲೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದನ್ನೂ ನೋಡಬೇಕು. ಗಣಿತದ ಮಾನಕ ವಿಚಲನೆ ಇಂತಹ ಒಂದು ಅಳತೆ.

ಅಳೆದ ಅಪಾಯವನ್ನು ಹಲವರು ಹಂಚಿಕೊಳ್ಳಬಹುದು. ಮೈಸೂರು ಸಂಸ್ಥಾನದ ಜೆ. ಎಸ್. ಚಕ್ರವರ್ತಿಯವರು 1920ರಲ್ಲಿ ಪ್ರಕಟವಾದ ತಮ್ಮ ಕೃಷಿವಿಮೆಯ ಗ್ರಂಥದಲ್ಲಿ, ಮಳೆ ನಿಗದಿತ ಪ್ರಮಾಣಕ್ಕಿಂತ ಕಡಮೆಯಾದರೆ ರೈತನಿಗೆ ಪರಿಹಾರ ಸಲ್ಲಬೇಕೆಂಬ ಯೋಜನೆಯನ್ನು ಮುಂದಿಟ್ಟರು.

ಆದರೆ ಲೆಕ್ಕವು ಕಳೆದ ವರ್ಷಗಳಿಂದಲೇ ಮುಂದಿನದನ್ನು ಊಹಿಸುತ್ತದೆ. ಹಿಂದೆಂದೂ ಕಾಣದ ಬರ ಅದರ ಪಟ್ಟಿಯಲ್ಲಿರದು. ತೊಗರಿಯ ಸಾಲುಗಳ ನಡುವೆ ಉದ್ದು ಬಿತ್ತುವ ರೈತ ಇದನ್ನು ಬಲ್ಲ. ಒಂದು ಕೈಕೊಟ್ಟರೂ ಇನ್ನೊಂದು ಉಳಿದೀತೆಂಬ ಅವನ ವಿವೇಕವೂ ಗಣಿತವೇ.